ಪವನ ಮತ್ತು ಸೌರ ವಿದ್ಯುತ್ ಪೂರೈಕೆ ಸರಪಳಿಯಲ್ಲಿ ಬಂಡವಾಳ ಹೂಡಿಕೆ: ಸಣ್ಣ ಉದ್ಯಮಿಗಳಿಗೆ ಮಾಹಿತಿ

ಪವನ ಹಾಗೂ ಸೌರ ವಿದ್ಯುತ್ ಕ್ಷೇತ್ರದಲ್ಲಿ ಬಂಡವಾಳ ಹೂಡುವುದೆಂದರೆ ವಿದ್ಯುತ್ ಉತ್ಪಾದನಾ ಘಟಕವನ್ನೇ ಸ್ಥಾಪಿಸುವುದು ಎಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಪ್ರತಿಯೊಂದು ಘಟಕದ ಹಿಂದೆಯೂ ಉಕ್ಕಿನ ಆಧಾರ ರಚನೆ, ಕೇಬಲ್, ಪರಿವರ್ತಕ, ಸಾಗಾಣಿಕೆ, ಅಳವಡಿಕೆ ಮತ್ತು ನಿರ್ವಹಣೆಗಳ ದೀರ್ಘ ಸರಪಳಿಯಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ ರೂಪುಗೊಂಡು, 2019ರಲ್ಲಿ ಪೂರ್ಣಗೊಂಡ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು ಇದಕ್ಕೆ ನಿದರ್ಶನವಾಗಿದೆ. ಈ ಸರಪಳಿಯ ಯಾವ ಹಂತ ತಮ್ಮ ಬಂಡವಾಳಕ್ಕೆ ಸೂಕ್ತವೆಂಬುದನ್ನು ಅರಿತ ನಂತರವೇ ಉದ್ಯಮಿಗಳು ಸಾಲಕ್ಕೆ ಅರ್ಜಿ ಸಲ್ಲಿಸುವುದು ಹಿತಕರ.

ಸರಪಳಿಯ ಹಂತಗಳು

ಸೌರ ಫಲಕವು ಪಾಲಿಸಿಲಿಕಾನ್, ಇಂಗಾಟ್, ವೇಫರ್, ಕೋಶ ಮತ್ತು ಫಲಕ ಎಂಬ ಐದು ಹಂತಗಳಲ್ಲಿ ಸಿದ್ಧವಾಗುತ್ತದೆ. ಈ ಎಲ್ಲ ಹಂತಗಳಲ್ಲಿಯೂ ಚೀನಾದ ಪಾಲು ಶೇ. 80ಕ್ಕಿಂತ ಅಧಿಕವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2022ರಲ್ಲಿ ವರದಿ ಮಾಡಿತ್ತು. ಈ ಅವಲಂಬನೆಯನ್ನು ತಗ್ಗಿಸಲು ಕೇಂದ್ರ ಸರ್ಕಾರವು ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯಡಿ 2021ರಲ್ಲಿ ರೂ. 4,500 ಕೋಟಿ ಹಾಗೂ 2022ರಲ್ಲಿ ರೂ. 19,500 ಕೋಟಿಗಳಿಗೆ ಅನುಮೋದನೆ ನೀಡಿತು. ಈ ನೆರವು ಸ್ಪರ್ಧಾತ್ಮಕ ಬಿಡ್ ಮೂಲಕ ಬೃಹತ್ ಘಟಕಗಳಿಗೆ ಹಂಚಿಕೆಯಾಗಿದ್ದು, ಸಣ್ಣ ಉದ್ಯಮಿಗಳು ಇದಕ್ಕೆ ನೇರವಾಗಿ ಅರ್ಹರಾಗುವುದಿಲ್ಲ. ಅಲ್ಲದೆ ಕೋಶ ಮತ್ತು ಫಲಕಗಳ ತಂತ್ರಜ್ಞಾನವು ಕೆಲವೇ ವರ್ಷಗಳಲ್ಲಿ ಬದಲಾಗುವುದರಿಂದ, ಸಾಲ ತೀರುವ ಮೊದಲೇ ಯಂತ್ರೋಪಕರಣ ಹಳತಾಗುವ ಸಂಭವವಿದೆ.

ಪವನ ಯಂತ್ರದಲ್ಲಿ ಗೋಪುರ, ರೆಕ್ಕೆ, ಗೇರ್‌ಬಾಕ್ಸ್, ಜನರೇಟರ್ ಮತ್ತು ಬೇರಿಂಗ್‌ಗಳು ಪ್ರಮುಖ ಭಾಗಗಳಾಗಿವೆ. ಇವುಗಳ ತಯಾರಿಕೆಗೂ ಭಾರಿ ಬಂಡವಾಳ ಅಗತ್ಯ.

ಸಣ್ಣ ಬಂಡವಾಳಕ್ಕೆ ಸೂಕ್ತವಾದ ಕ್ಷೇತ್ರಗಳು

1. ಸೌರ ಫಲಕಗಳ ಆಧಾರ ರಚನೆ, ಕೇಬಲ್ ಟ್ರೇ, ವಿದ್ಯುತ್ ಫಲಕ ಪೆಟ್ಟಿಗೆ ಹಾಗೂ ಭೂಸಂಪರ್ಕ ಸಾಮಗ್ರಿಗಳ ತಯಾರಿಕೆ.
2. ಪವನ ಯಂತ್ರದ ಗೋಪುರದೊಳಗಿನ ಏಣಿ, ವೇದಿಕೆ, ಅಡಿಪಾಯದ ಬೋಲ್ಟ್ ಮತ್ತು ಫೈಬರ್ ಗಾಜಿನ ಹೊದಿಕೆಗಳ ತಯಾರಿಕೆ.
3. ಮನೆಯ ಮೇಲ್ಛಾವಣಿ ಸೌರ ಘಟಕಗಳ ಅಳವಡಿಕೆ, ಫಲಕಗಳ ಶುಚಿತ್ವ ಮತ್ತು ದುರಸ್ತಿ ಸೇವೆ.
4. ಬಳಕೆ ಮುಗಿದ ಫಲಕಗಳ ಸಂಗ್ರಹಣೆ ಮತ್ತು ಮರುಬಳಕೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಸೌರ ಫಲಕಗಳೂ ಸೇರಿರುವುದರಿಂದ, ಮರುಬಳಕೆ ಘಟಕಗಳಿಗೆ ನೋಂದಣಿ ಕಡ್ಡಾಯ.

ಬೇಡಿಕೆಗೆ ಆಧಾರ

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆಯು ಒಂದು ಕೋಟಿ ಮನೆಗಳ ಗುರಿ ಹೊಂದಿದ್ದು, 3 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಸಾಮರ್ಥ್ಯದ ಘಟಕಕ್ಕೆ ರೂ. 78,000 ಸಹಾಯಧನ ನಿಗದಿಪಡಿಸಿತು. ಇದಕ್ಕೆ ದೇಶೀಯವಾಗಿ ತಯಾರಾದ ಫಲಕಗಳನ್ನೇ ಬಳಸತಕ್ಕದ್ದು. ಅನುಮೋದಿತ ಮಾದರಿ ಮತ್ತು ತಯಾರಕರ ಪಟ್ಟಿಯ ನಿಯಮವು ಫಲಕಗಳಿಗೆ 2024ರ ಏಪ್ರಿಲ್‌ನಿಂದ ಪುನಃ ಜಾರಿಗೆ ಬಂದಿತು. ಕೋಶಗಳಿಗೆ ಅದನ್ನು ಅನ್ವಯಿಸಲು 2024ರ ಡಿಸೆಂಬರ್‌ನ ಆದೇಶದಲ್ಲಿ 2026ರ ಜೂನ್ 1ನ್ನು ನಿಗದಿಪಡಿಸಲಾಯಿತು. ಪವನ ಯಂತ್ರದ ಪ್ರಮುಖ ಭಾಗಗಳಿಗೂ ಇಂತಹುದೇ ಪಟ್ಟಿಯನ್ನು 2025ರ ಜುಲೈನಲ್ಲಿ ಪ್ರಕಟಿಸಿದ ತಿದ್ದುಪಡಿಯ ಮೂಲಕ ತರಲಾಗಿದೆ. ದೊಡ್ಡ ತಯಾರಕರು ದೇಶದೊಳಗೆ ಹೆಚ್ಚಿದಷ್ಟೂ ಅವರಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಿಗೆ ಅವಕಾಶ ಹೆಚ್ಚುತ್ತದೆ.

ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ ಉದ್ಯಮ ನೋಂದಣಿ ಪಡೆಯತಕ್ಕದ್ದು. ಇದು ಸಂಪೂರ್ಣ ಉಚಿತವಾಗಿದ್ದು, ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕೃತ ಮಿತಿಯಂತೆ, ಯಂತ್ರೋಪಕರಣಗಳ ಹೂಡಿಕೆ ರೂ. 2.5 ಕೋಟಿ ಮತ್ತು ವಾರ್ಷಿಕ ವಹಿವಾಟು ರೂ. 10 ಕೋಟಿ ಮೀರದ ಘಟಕಗಳು ಸೂಕ್ಷ್ಮ ಉದ್ಯಮಗಳಾಗಿವೆ. ಹೂಡಿಕೆ ರೂ. 25 ಕೋಟಿ ಮತ್ತು ವಹಿವಾಟು ರೂ. 100 ಕೋಟಿ ಮೀರದವು ಸಣ್ಣ ಉದ್ಯಮಗಳಾಗಿವೆ. ತದನಂತರ ಯೋಜನಾ ವರದಿಯೊಂದಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು. ಅಡಮಾನ ನೀಡಲು ಆಸ್ತಿಯಿಲ್ಲದ ಅರ್ಹ ಅರ್ಜಿದಾರರ ಸಾಲಕ್ಕೆ ಸಾಲ ಖಾತರಿ ನಿಧಿಯ ಭದ್ರತೆ ದೊರೆಯುವ ಬಗ್ಗೆ ಬ್ಯಾಂಕಿನಲ್ಲಿ ವಿಚಾರಿಸಬೇಕು.

ಹಣಕಾಸಿನ ಎಚ್ಚರಿಕೆಗಳು

ಬೇಡಿಕೆಯ ಕೊರತೆಗಿಂತಲೂ ಹಣ ಪಾವತಿಯ ವಿಳಂಬವೇ ಸಣ್ಣ ಘಟಕಗಳನ್ನು ಹೆಚ್ಚು ಬಾಧಿಸುತ್ತದೆ. ಉದಾಹರಣೆಗೆ, ತಿಂಗಳಿಗೆ ರೂ. 10 ಲಕ್ಷದ ಸಾಮಗ್ರಿ ಒದಗಿಸುವ ಘಟಕಕ್ಕೆ ಪಾವತಿಯು ಆರು ತಿಂಗಳು ತಡವಾದರೆ ರೂ. 60 ಲಕ್ಷ ಸಿಲುಕಿಕೊಳ್ಳುತ್ತದೆ. ಆದರೆ ಬ್ಯಾಂಕಿನ ಕಂತು, ಕಾರ್ಮಿಕರ ವೇತನ ಕಾಯುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ ಖರೀದಿದಾರರು ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳು ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. ಈ ರಕ್ಷಣೆಯ ಬಗ್ಗೆ ವಿವಾದ ಉಂಟಾಗದಂತೆ, ಸರಬರಾಜು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಉದ್ಯಮ ನೋಂದಣಿ ಪಡೆದಿರುವುದು ಸುರಕ್ಷಿತ.

ಸೌರ ಮತ್ತು ಪವನ ಸಾಧನಗಳ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಆದರೆ ಉಕ್ಕಿನಂತಹ ಕಚ್ಚಾವಸ್ತುಗಳ ಮೇಲೆ ಶೇ. 18ರ ದರವಿರುವುದರಿಂದ, ಖರೀದಿಯ ಮೇಲೆ ತೆತ್ತ ತೆರಿಗೆ ಮಾರಾಟದ ತೆರಿಗೆಗಿಂತ ಅಧಿಕವಾಗಿ ಬಂಡವಾಳ ಸಿಲುಕಬಹುದು. ತಾವು ತಯಾರಿಸುವ ಬಿಡಿಭಾಗ ಯಾವ ದರಕ್ಕೆ ಸೇರುತ್ತದೆ, ಮರುಪಾವತಿಗೆ ಅರ್ಹತೆ ಇದೆಯೇ ಎಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಂಡು ದುಡಿಯುವ ಬಂಡವಾಳವನ್ನು ಲೆಕ್ಕ ಹಾಕಬೇಕು. ಒಬ್ಬನೇ ಖರೀದಿದಾರನನ್ನು ನಂಬಿ ಘಟಕ ಸ್ಥಾಪಿಸುವುದು ಅಪಾಯಕರ.

ಸಾರ್ವಜನಿಕರ ಗಮನಕ್ಕೆ

ಸರ್ಕಾರಿ ಸೌರ ಯೋಜನೆಗಳ ಹೆಸರಿನಲ್ಲಿ ನಕಲಿ ಜಾಲತಾಣಗಳು ನೋಂದಣಿ ಶುಲ್ಕ ಸಂಗ್ರಹಿಸುತ್ತಿರುವ ಬಗ್ಗೆ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಹಲವು ಬಾರಿ ಎಚ್ಚರಿಸಿದೆ. ನಿಶ್ಚಿತ ಮಾಸಿಕ ಲಾಭದ ಭರವಸೆ ನೀಡಿ ಮುಂಗಡ ಕೇಳುವವರಿಗೆ ಹಣ ನೀಡಬಾರದು. ಖರೀದಿದಾರರ ಲಿಖಿತ ಬೇಡಿಕೆ ಪತ್ರ, ಬ್ಯಾಂಕಿನ ಮಂಜೂರಾತಿ ಪತ್ರ ಮತ್ತು ಉದ್ಯಮ ನೋಂದಣಿ ಪ್ರಮಾಣಪತ್ರ ಈ ಮೂರೂ ಕೈಸೇರಿದ ನಂತರವೇ ಯಂತ್ರೋಪಕರಣಗಳಿಗೆ ಮುಂಗಡ ಪಾವತಿಸುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.