ವಾರಸುದಾರರ ಭೂಮಿ ಮತ್ತು ಅದರ ಕಾಡು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ಕಷ್ಟಪಟ್ಟು ಕೊಂಡ ಭೂಮಿ ಅನೇಕ ಕಡೆ ಉಯಿಲಿಲ್ಲದೆಯೇ ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಇಳಿದುಬಂದಿದೆ. ಅದರಲ್ಲಿ ವಾರಸುದಾರರೆಲ್ಲರಿಗೂ ಅವಿಭಕ್ತ ಹಕ್ಕುಂಟು. ಅಪಾಯವೂ ಅಲ್ಲಿಯೇ ಇದೆ. ದೂರದೂರಿನ ಒಬ್ಬನು ತನ್ನ ಅಂಶವನ್ನು ಹೊರಗಿನವನಿಗೆ ಮಾರಿದರೆ, ಕೊಂಡವನು ವಿಭಾಗದ ದಾವೆ ಹೂಡಬಹುದು. ಇಡೀ ಜಮೀನು ಹರಾಜಿನಲ್ಲಿ ಅಲ್ಪ ಬೆಲೆಗೆ ಹೋದ ಪ್ರಸಂಗಗಳು ಬಹಳ. 2010ರ ಮಾದರಿ ಕಾನೂನು, ಅದನ್ನು ಅಂಗೀಕರಿಸಿದ ರಾಜ್ಯಗಳಲ್ಲಿ, ನ್ಯಾಯವಾದ ಬೆಲೆ ಕಟ್ಟಿಸಿ, ಅಂಥ ಅಂಶವನ್ನು ಕೊಳ್ಳುವ ಮೊದಲ ಅವಕಾಶವನ್ನು ಉಳಿದ ವಾರಸುದಾರರಿಗೆ ಕೊಡುತ್ತದೆ. (ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೆಯ ಪ್ರಕರಣದ ಆಶಯವೂ ಇದಕ್ಕೆ ದೂರವಲ್ಲ.)

ಕಾಡಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಪೈನ್ ಮರಗಳನ್ನು ನೆಟ್ಟು ಸುಮಾರು 15 ವರ್ಷಕ್ಕೆ ಕೆಲವನ್ನು ಕಡಿದು ತೋಪನ್ನು ವಿರಳಗೊಳಿಸಬೇಕು. ಬಲಿತ ಮರಕ್ಕೆ ಇನ್ನೂ ಹತ್ತಿಪ್ಪತ್ತು ವರ್ಷ ಕಾಯಬೇಕು. ನಾಳೆ ಹರಾಜಾಗಬಹುದಾದ ನೆಲದಲ್ಲಿ ಯಾರು ಸಸಿ ನೆಟ್ಟಾರು? ಹಕ್ಕು ಸ್ಪಷ್ಟವಿಲ್ಲದವರಿಗೆ ಸರಕಾರದ ಸಹಾಯಧನ ದೊರೆಯುವುದೂ ಕಷ್ಟ. ಎಲ್ಲರ ಒಪ್ಪಿಗೆಯಿಲ್ಲದೆ ಮರದ ವ್ಯಾಪಾರಿಯೂ ಹಿಂಜರಿಯುತ್ತಾನೆ. ವಂಶಾವಳಿ ಸಿದ್ಧವಾಗದೆ ಅರಣ್ಯಯೋಜನೆಗೆ ಕೈಹಾಕುವುದು ವ್ಯರ್ಥವೆಂದೇ ನಾವು ಭಾವಿಸುತ್ತೇವೆ. ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ನಿನಲ್ಲಿ 2005ರಲ್ಲಿ ಆರಂಭವಾದ ವಾರಸು ಆಸ್ತಿ ಸಂರಕ್ಷಣ ಕೇಂದ್ರವು ಮೊದಲು ವಕೀಲರ ನೆರವನ್ನು, 2013ರಿಂದ ಅರಣ್ಯತಜ್ಞರ ನೆರವನ್ನೂ ಇಂಥ ಕುಟುಂಬಗಳಿಗೆ ಒದಗಿಸತೊಡಗಿತು.