ಬಾಳೆಹಣ್ಣಿಲ್ಲದ ಬಾಳೆಯ ಕಂಪು

ಬಿಯರನ್ನು ಸ್ಥಳದಲ್ಲೇ ತಯಾರಿಸಿ ಕೊಡುವ ಪಾನಗೃಹಗಳು ಬೆಂಗಳೂರಿನಲ್ಲಿ 2011ರ ಸುಮಾರಿಗೆ ಮೊದಲಾಗಿ ಜೆ.ಪಿ. ನಗರದವರೆಗೂ ಹಬ್ಬಿವೆ. ರುಚಿ ನೋಡಬಂದವರ ಮುಂದೆ ಹಲವು ಬಗೆಗಳನ್ನು ಪುಟ್ಟ ಲೋಟಗಳಲ್ಲಿ ಸಾಲಾಗಿ ಇಡುವರು. ಜರ್ಮನ್ ರೀತಿಯ ಗೋಧಿ ಬಿಯರನ್ನು ಮೂಸಿದವರು, ‘ಬಾಳೆಹಣ್ಣು ಬೆರೆಸಿದ್ದೀರಾ?’ ಎನ್ನುವುದುಂಟು. ಬೆರೆಸಿರುವುದಿಲ್ಲ. ಮೊಳೆತ ಧಾನ್ಯದ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳಾಗಿ ಮಾರ್ಪಡಿಸುವಾಗ ಅತ್ಯಲ್ಪ ಪ್ರಮಾಣದಲ್ಲಿ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರೂ ಹುಟ್ಟುವುದು. ಮಾಗಿದ ಬಾಳೆಯ ಪರಿಮಳಕ್ಕೂ ಮುಖ್ಯ ಕಾರಣ ಅದೇ! ಜೊತೆಗೆ ಸುಳಿಯುವ ಲವಂಗದ ವಾಸನೆಯೂ ಯೀಸ್ಟಿನದೇ ಕೆಲಸ. ತಂಪಿನಲ್ಲಿ, ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹುದುಗುವ ಲಾಗರ್ ಬಿಯರಿನಲ್ಲಿ ಈ ಕಂಪು ಸಾಮಾನ್ಯವಾಗಿ ತೋರದು. ‘ರುಚಿ’ ಎಂದು ನಾವು ಕರೆಯುವುದರಲ್ಲಿ ಬಹುಭಾಗ ಮೂಗಿನದು. ಇದನ್ನರಿಯಲು ವಿದ್ಯಾರ್ಥಿಗಳಿಗೆ ಬಿಯರಿನ ಗೊಡವೆ ಬೇಡ. ಮೂಗು ಹಿಡಿದು ಒಂದು ಬಾಳೆಹಣ್ಣು ತಿಂದು ನೋಡಿರಿ.