ಟ್ರ್ಯಾಕ್ಟರಿನ ಕ್ಲಚ್ಚು ಏಕೆ ಸುಡುತ್ತದೆ?



ನಮ್ಮ ಸಗರನಾಡಿನ ಎರೆಭೂಮಿಯಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಭತ್ತಕ್ಕೆ ಕೆಸರು ಮಾಡುವಾಗ ಟ್ರ್ಯಾಕ್ಟರು ಹೂತರೆ, ಅನೇಕರು ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇಂಜಿನ್ನು ಜೋರು ಮಾಡುತ್ತಾರೆ. ಒಳಗಿನ ಪ್ಲೇಟು ಹಿಡಿಯದೆ ಜಾರುತ್ತದೆ.

ಅಂಗೈಗೆ ಅಂಗೈ ತಿಕ್ಕಿ ನೋಡ್ರಿ, ಬಿಸಿಯಾಗುತ್ತದಲ್ಲ? ಇದೂ ಹಾಗೆಯೇ. ಅದೇ ಭಾರದಲ್ಲಿ ಎರಡು ಪಟ್ಟು ಹೊತ್ತು ಜಾರಿದರೆ ಬಿಸಿಯೂ ಸುಮಾರು ಎರಡು ಪಟ್ಟು. ಕಾದಷ್ಟೂ ಹಿಡಿತ ಕಡಿಮೆ, ಸವೆತ ಹೆಚ್ಚು. ಪ್ಲೇಟು ಬದಲಿಸಲು ಟ್ರ್ಯಾಕ್ಟರನ್ನೇ ನಡುವೆ ಬಿಚ್ಚಬೇಕು. ಅಷ್ಟರಲ್ಲಿ ನಾಟಿಯ ಹದ ತಪ್ಪುತ್ತದೆ.

ಮಧ್ಯಪ್ರದೇಶದ ಬುದನಿಯ ಸರಕಾರಿ ಕೇಂದ್ರದಲ್ಲಿ ಟ್ರ್ಯಾಕ್ಟರನ್ನು ದುಡಿಸಿ, ಬಿಚ್ಚಿ, ಸವೆತ ನೋಡುತ್ತಾರೆ. ನಮ್ಮ ಪರೀಕ್ಷೆ ಹೊಲದಾಗೇ ಐತಿ: ಇಂಜಿನ್ನಿನ ಸದ್ದು ಏರಿದರೂ ಗಾಲಿ ತಿರುಗದೆ, ಸುಟ್ಟ ವಾಸನೆ ಬಂದರೆ, ನಿಲ್ಲಿಸಿ ಆರಲು ಬಿಡ್ರಿ. ಆಮೇಲೆ ಹಿಂದಿನ ಸಲಕರಣೆ ಎತ್ತಿ, ಸಣ್ಣ ಗೇರು ಹಾಕಿ ಹೊರಡ್ರಿ. ಕೆಲಸದಾಗ ಪೆಡಲಿನ ಮೇಲೆ ಕಾಲಿಡಬ್ಯಾಡ್ರಿ.